ಮಿಷನ್ನಿಗೆ ಕುಯ್ದ ಕೋಳಿ

ಹಾಲ್ಕುರಿಕೆ
೧೬-೨-೧೯೮೪, ಗುರುವಾರ

ಪ್ರೀತಿಯ ತಂಗಿ ರಾಮಕ್ಕನಿಗೆ ನಿನ್ನ ಅಕ್ಕ ಕೆಂಪಕ್ಕನ ಆಶೀರ್ವಾದಗಳು.

ಕೈ ಹೇಗಿದೆ? ಕೀವು ಬರುವುದು ನಿಂತಿತೇ? ಭೂತಮ್ಮತ್ತೆ ನಿನ್ನನ್ನು ಮಾಯಸಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಟ್ಟು ಬದಲು ಮಾಡಿಸುತ್ತಿದ್ದಾಳೋ, ಇಲ್ಲಾ ಅರಿಶಿನ ಮೆತ್ತಿ ಕೂರಿಸಿದ್ದಾಳೋ? ಅವಳ ಮದ್ದು ಹಸು ಕರುವಿಗೆ ಸರಿ, ನಿನಗೆ ಬೇಡ ಅಂತ ನಾನೇ ಹೇಳಿದೆ ಅಂತ ಹೇಳು. ಬೈದರೆ ನನ್ನನ್ನೇ ಬೈಯಲಿ. ಎಡಗೈಯಲ್ಲಿ ಉಣ್ಣಲು ನಾಚಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳಬೇಡ. ದೇವರು ಮೂರು ಬೆರಳು ಕಿತ್ತುಕೊಂಡ, ನನ್ನ ಹಣೇಬರಹ ಅಂತ ನೀನು ಹೇಳಿ ಕಳಿಸಿದ್ದೆಯಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ದೇವರ ಹೆಸರು ಯಾಕೆ ಎತ್ತುತ್ತೀಯೇ? ಅವನು ನಮ್ಮ ತೆಂಗಿನ ನಾರಿನ ಮಿಲ್ಲಿನ ಕಡೆ ತಲೆ ಹಾಕಿ ಎಷ್ಟು ಕಾಲವಾಯಿತೋ. ಬೆರಳು ಕಿತ್ತವರು ಯಾರು ಅಂತ ನನಗೆ ಈಗ ಗೊತ್ತಾಗಿದೆ, ಅದನ್ನು ಹೇಳುವುದಕ್ಕೇ ಈ ಕಾಗದ.

ನಿನ್ನನ್ನು ಅತ್ತೆ ಕರೆದುಕೊಂಡು ಹೋದ ಮೇಲೆ ನಿನ್ನ ಮಿಷನ್ ಮುಂದೆ ಕೂರಲು ಯಾವ ಹೆಂಗಸೂ ಒಪ್ಪಲಿಲ್ಲ. ಮಿಷನ್ನು ರಕ್ತದ ರುಚಿ ಕಂಡಿದೆ, ಇನ್ನೊಬ್ಬರನ್ನು ಕೇಳುತ್ತದೆ ಅಂತ ರಂಗಮ್ಮ ಶುರು ಮಾಡಿದಳು, ಎಲ್ಲರೂ ಹೌದು ಹೌದು ಅಂದರು. ಈ ಮಾತು ಸಾಹುಕಾರ ಗಂಗಾಧರಯ್ಯನವರ ಕಿವಿಗೆ ಬಿತ್ತು. ಅವರು ಏನು ಮಾಡಿದರು ಹೇಳು ನೋಡೋಣ. ಮಿಷನ್ನಿಗೆ ಕೋಳಿ ಕುಯ್ಯಲು ದುಡ್ಡು ಕೊಟ್ಟರು! ಕೋಳಿ ಮುಟ್ಟಿದವರ ನೆರಳನ್ನೂ ಸೋಕಿಸಿಕೊಳ್ಳದ ಮನೆ ಅದು. ಗೇಟಿನಾಚೆ ಮೂಗಿಗೆ ಟವಲ್ಲು ಹಿಡಿದು ನಿಂತು, "ಬೇಗ ಮುಗ್ಸಿ, ಲೋಡು ಕಾಯ್ತಾ ಐತೆ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ದೂಳು ಕುಡಿದು ಕೆಮ್ಮುತ್ತೇವೆ ಅಂದರೆ ಒಂದು ತುಂಡು ಬೆಲ್ಲ, ಬೆರಳು ಹೋದರೆ ಒಂದು ಕೋಳಿ. ಇನ್ನು ಪ್ರಾಣ ಹೋದರೆ ಕುರಿ ಕಡಿಸುತ್ತಾರೋ ಏನೋ. ಆ ಹೆಂಗಸರ ಮೇಲೂ ನನಗೆ ಸಿಟ್ಟು ಬಂತು, ಆದರೆ ಏನಂತ ಬೈಯಲಿ? ಹೆದರಿಕೆಗೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ.

ಕೋಳಿ ತರಲು ನನ್ನನ್ನೇ ಮೇಸ್ತ್ರಿ ಕೆಂಚಪ್ಪನ ಮನೆಗೆ ಕಳಿಸಿದರು. ಅವನ ಹಿತ್ತಲಲ್ಲಿ ಕೋಳಿಗಳನ್ನು ಒಂದು ಕಬ್ಬಿಣದ ಜಾಲರಿ ಕವುಚಿ ಮುಚ್ಚಿದ್ದರು. ಹಸಿರು ಬಣ್ಣ, ಪಕ್ಕದಲ್ಲಿ ಒಂದು ಕೊಕ್ಕೆ. ನೀನು ಬುತ್ತಿ ಗಂಟು ನೇತು ಹಾಕುತ್ತಿದ್ದೆಯಲ್ಲ, ಅದೇ ಕೊಕ್ಕೆ ಕಣೇ. ಮಿಷನ್ ಬಂದ ವರ್ಷ ಆ ಹಲ್ಲಿನ ಉರುಳೆಯ ಮೇಲೆ ಮುಚ್ಚಿದ್ದ ಜಾಲರಿ ಅದು. ನಾರು ಸಿಕ್ಕಿಕೊಂಡಾಗ ಬಿಚ್ಚಿ ಹಾಕುವುದು ತಡವಾಗುತ್ತದೆ ಅಂತ ಇದೇ ಕೆಂಚಪ್ಪ ತೆಗೆಸಿದ್ದ. ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ಪುಣ್ಯಾತ್ಮ ಹಲ್ಲು ಕಿರಿದು, "ಸುಮ್ನೆ ತುಕ್ಕು ಹಿಡೀತಿತ್ತು ಕಣಕ್ಕ. ಇಲ್ಲಿ ಮುಂಗುಸಿ ಕಾಟ ಜಾಸ್ತಿ" ಅಂದ. ಕೋಳಿಗೆ ಮುಂಗುಸಿ ಬಾಯಿ ಹಾಕಬಾರದಂತೆ, ನನ್ನ ತಂಗಿಯ ಕೈಗೆ ಉರುಳೆ ಬಾಯಿ ಹಾಕಬಹುದಂತೆ! ಅವತ್ತು ನಾರು ಸಿಕ್ಕಿಕೊಂಡಾಗ ನೀನು ಸ್ವಿಚ್ಚಿಗೆ ಹೋದೆ. "ನಿಲ್ಲುಸ್ಬ್ಯಾಡ, ಕರೆಂಟು ಹೋಗೋದ್ರೊಳ್ಗೆ ಮುಗೀಬೇಕು, ಕೈಯಲ್ಲೇ ಎಳಿ" ಅಂತ ಅವನು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಕೋಳಿ ತರಲಿಲ್ಲ, ಬೇರೆಯವರು ಹೋಗಿ ತಂದು ಕುಯ್ದರು. ಅದರ ಸಾರನ್ನೂ ಮುಟ್ಟಲಿಲ್ಲ. ನಿಮ್ಮ ಭಾವ ಎರಡು ಸಲ ಬಡಿಸಿಕೊಂಡು ಉಂಡರು.

ಮಾರನೆಯ ದಿನ ತಿಪಟೂರಿಗೆ ಹೋಗಿ ಎಣ್ಣೆ ಮಿಲ್ಲಿನ ಯೂನಿಯನ್ನಿನ ಹಾಲಸ್ವಾಮಿಯನ್ನು ಕಂಡೆ. ನಾನು ಹೇಳಿದ್ದನ್ನೆಲ್ಲ ಕೇಳಿ ಆತ ಹೇಳಿದ್ದು ಇಷ್ಟು. "ಉರುಳೆ, ಬೆಲ್ಟು, ಇವುಕ್ಕೆಲ್ಲ ಮುಚ್ಚಿಗೆ ಇಲ್ದೆ ಮಿಷನ್ ಓಡುಸ್ಬಾರ್ದು. ಓಡ್ತಿರೋ ಮಿಷನ್ಗೆ ಹೆಂಗಸ್ರ ಕೈ ಹಾಕುಸ್ಬಾರ್ದು. ದೂಳು ಹೊರಗೋಗೋಕೆ ದಾರಿ ಮಾಡ್ಬೇಕು. ಇದು ಸಾಹುಕಾರ್ರ ದಯ ಅಲ್ಲ ಕಣಕ್ಕ, ಕಾನೂನು. ನಿಮ್ಮ ಹಕ್ಕು." ಯಾವಾಗಿನಿಂದ ಅಂತ ಕೇಳಿದೆ. ನೀವಿಬ್ಬರೂ ಹುಟ್ಟೋದಕ್ಕೆ ಮುಂಚಿನಿಂದಲೂ ಇದ್ದಿರಬೇಕು ಅಂತ ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಆ ಗೇಟಿನೊಳಗೆ ಹೋಗಿ ಬಂದಿದ್ದೇವೆ, ಒಬ್ಬರಾದರೂ ಬಾಯಿ ಬಿಟ್ಟರೇ? ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ, ದುಃಖಕ್ಕಲ್ಲ, ಕೋಪಕ್ಕೆ. ಹಾಲಸ್ವಾಮಿ ಇನ್ಸ್‌ಪೆಕ್ಟರಿಗೆ ದೂರು ಬರೆದಿದ್ದಾನೆ. ಅವರು ಬಂದಾಗ ಗಾಯವಾದವಳ ಬಾಯಿಂದಲೇ ನಡೆದದ್ದು ಬರಬೇಕಂತೆ.

ಈ ಸುದ್ದಿ ಸಾಹುಕಾರರಿಗೆ ಮುಟ್ಟಿದೆ, ಅದಕ್ಕೇ ಭಾನುವಾರ ಅವರು ನಮ್ಮ ದೊಡ್ಡರಂಗಯ್ಯನನ್ನು ನಿನ್ನ ಹತ್ತಿರ ಕಳಿಸುತ್ತಿದ್ದಾರೆ. ಕೇರಿಯ ಯಜಮಾನ ಅಂತ ಕಾಲು ತೊಳೆಯಲು ನೀರು ಕೊಡು, ಕಾಫಿ ಕೊಡು, ತಪ್ಪಿಲ್ಲ. ಸೀರೆ, ಬಾಳೆಹಣ್ಣು ತಂದಿರುತ್ತಾನೆ. ಜೊತೆಗೆ ಒಂದು ಕಾಗದ ಇರುತ್ತದೆ. ಮಾತಾಡುತ್ತಾ ಕೂತು ಅಜಾಗರೂಕತೆಯಿಂದ ಕೈ ಕೊಟ್ಟೆ, ಮಾಲೀಕರ ತಪ್ಪೇನೂ ಇಲ್ಲ ಅಂತ ಅದರಲ್ಲಿ ಬರೆಸಿದ್ದಾರೆ. ನಿನಗೆ ಓದು ಬರುತ್ತದೆ ಅಂತ ಅವರಿಗೆ ಗೊತ್ತು. ಪೆನ್ನು ಹಿಡಿಯಲು ಕೈ ಇಲ್ಲ ಅಂತಲೂ ಗೊತ್ತು. ಅದಕ್ಕೇ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡು ಕಳಿಸುತ್ತಿದ್ದಾರೆ, ನಾಚಿಕೆ ಇಲ್ಲದವರು. ಒತ್ತಬೇಡ. ಅನ್ನ ಕೊಟ್ಟ ಧಣಿ ಅಂತಾನೆ, ಒಪ್ಪಬೇಡ. ಅನ್ನ ಅವರು ಕೊಟ್ಟಿದ್ದಲ್ಲ, ನಾವು ದುಡಿದಿದ್ದು. ನೀನು ಮೊದಲಿನಿಂದಲೂ ದೊಡ್ಡವರ ಮುಂದೆ ತಲೆ ಎತ್ತುವವಳಲ್ಲ. ಇದೊಂದು ಸಲ ನನ್ನ ಬಾಯಿ ಸಾಲ ತೆಗೆದುಕೋ, ನನ್ನ ಹತ್ತಿರ ಬೇಕಾದಷ್ಟಿದೆ.

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು. ಅತ್ತೆಗೆ ನನ್ನ ನಮಸ್ಕಾರ. ನಿನ್ನ ಕೈ ಬೇಗ ಮಾಯಲಿ, ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಕ್ಕ,
ಕೆಂಪಕ್ಕ

ಮ.ವಿ.: ಕಂಡಕ್ಟರ್ ಕರಿಯಪ್ಪ ಬಸ್ಸು ನಿಲ್ಲಿಸಿಕೊಂಡು ಹಾರನ್ ಹೊಡೆಸುತ್ತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಬರೆಯಲು ಕೈ ಬಾರದೆ ಒಂದು ಮಾತನ್ನು ಮೇಲೆ ಬಿಟ್ಟಿದ್ದೆ. ನೀನು ಹೆಬ್ಬೆಟ್ಟು ಒತ್ತಿದರೆ ನಿನ್ನ ಜಾಗವನ್ನು ನಮ್ಮ ಮನೆಗೇ ಕೊಡುತ್ತಾರಂತೆ. ಸೋಮವಾರದಿಂದ ಆ ಮಿಷನ್ ಮುಂದೆ ನನ್ನ ಮಗಳು ಲಕ್ಷ್ಮಕ್ಕ ಕೂರಬೇಕು. ಜಾಲರಿ ಇನ್ನೂ ಕೆಂಚಪ್ಪನ ಹಿತ್ತಲಲ್ಲೇ ಇದೆ. ನಿಮ್ಮ ಭಾವ ಒಪ್ಪಿಯಾಯಿತು, "ಮನೆ ಕೆಲ್ಸ ಮನೇಲೇ ಉಳೀತು ಬುಡು" ಅಂತಾರೆ. ಚಿಕ್ಕಮ್ಮನಿಗೆ ಬರೀ ಉಗುರು ಕಿತ್ತಿದೆ ಅಂತ ಮಗಳಿಗೆ ಹೇಳಿದ್ದಾರೆ. ಅಲ್ಲ ಕಣೇ ಅಂತ ನಾನು ಬಡಿದುಕೊಂಡರೆ, ಅಮ್ಮನಿಗೆ ಎಲ್ಲದಕ್ಕೂ ಕೋಪ ಅಂತ ಅವಳು ನಗುತ್ತಾಳೆ, ಹೊಸ ಬಳೆ ಬೇರೆ ತೊಟ್ಟಿದ್ದಾಳೆ. ಭಾನುವಾರ ದೊಡ್ಡರಂಗಯ್ಯ ವಾಪಸು ಹೊರಡುವಾಗ ಅವನ ಜೊತೆಯಲ್ಲೇ ಬಸ್ಸು ಹತ್ತಿ ಬಂದುಬಿಡು. ಕಟ್ಟು ಬಿಚ್ಚಿ ಅವಳಿಗೆ ಕೈ ತೋರಿಸು. ಎಷ್ಟು ನೋವಾದರೂ ಬಿಚ್ಚಿ ತೋರಿಸು.