ಚೀಟಿ ಬೇಡದ ಮೂರನೆಯ ಆಟ

ಕದ್ರಿ, ಮಂಗಳೂರು
೧೬ ಫೆಬ್ರವರಿ ೧೯೮೯

ಪ್ರೀತಿಯ ಕುಶಲಾ,

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು ಎಂದು ಮೊದಲ ಸಾಲಿನಲ್ಲಿ ಬರೆಯಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು. ನಿನ್ನ ಕಾಗದ ಮೊನ್ನೆ ಬಂತು. ಐದು ತಿಂಗಳಾದ ಮೇಲೆ ಈಗ ಹೇಳುತ್ತೀಯಲ್ಲ, ನಿನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ. ನನಗಾದ ಸಂತೋಷ ಬರೆದು ಮುಗಿಯುವಂಥದ್ದಲ್ಲ. ಅದೇ ಸಂಜೆ ದೇವಸ್ಥಾನಕ್ಕೆ ಹೋಗಿ ಬಂದೆ. ಪಪ್ಪಾಯಿ ಮುಟ್ಟಬೇಡ, ಸ್ಟೂಲಿನ ಮೇಲೆ ಹತ್ತಿ ಡಬ್ಬ ತೆಗೆಯಬೇಡ. ನರ್ಸ್ ಆಗಿರುವವಳಿಗೆ ನಾನು ಹೇಳಬೇಕಾದ್ದಿಲ್ಲ, ಆದರೂ ಹೇಳುತ್ತೇನೆ.

ಕಾಗದದ ಎರಡನೆಯ ಪುಟ ಓದಿದಾಗ ಮಾತ್ರ ಸಿಟ್ಟು ಬಂತು. ಸೆಪ್ಟೆಂಬರಿನಿಂದ ಅಪ್ಪನ ಚೀಟಿ ಒಂದೂ ಬಂದಿಲ್ಲ, ಅವರ ಮನಸ್ಸು ಪುನಃ ಮುಚ್ಚಿತು, ಆದ್ದರಿಂದ ಹೆರಿಗೆಗೆ ಊರಿಗೆ ಬಂದರೂ ಕದ್ರಿಗೆ ಬರುವುದಿಲ್ಲ, ಅತ್ತಾವರದ ಗಂಡನ ಮನೆಯಲ್ಲಿ, ಪಿಯುಸ್‌ನ ತಾಯಿಯ ಹತ್ತಿರವೇ ಇರುತ್ತೇನೆ ಎಂದು ಬರೆದಿದ್ದೀ. ಇಷ್ಟು ಬರೆದು, ಏನೂ ಆಗದವಳ ಹಾಗೆ ಕೆಳಗೆ ಒಂದು ಪ್ರಶ್ನೆ ಬೇರೆ. ಶಾರ್ಜಾದಲ್ಲಿ ಪಿಯುಸ್‌ನ ಅಂಗಡಿಗೆ ಬರುವವರು ಟಿ.ವಿ.ಗೆ ಸಿಕ್ಕಿಸಿ ಆಡುವ ಆ ಜಪಾನಿ ಕೋಟೆ ಆಟದ ಮೂರು ಭಾಗಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುತ್ತಾರಂತೆ, ಮೂರನ್ನೂ ಆಡಿದ ಮನೆ ನಮ್ಮದೊಂದೇ ಆದ್ದರಿಂದ ನಾವೇ ಹೇಳಬೇಕಂತೆ.

ಆ ಪ್ರಶ್ನೆಗೇ ಮೊದಲು ಉತ್ತರ ಬರೆಯುತ್ತೇನೆ. ಚೀಟಿ ಬಾರದ್ದಕ್ಕೂ ಉತ್ತರ ಅದರೊಳಗೇ ಉಂಟು.

ಪಿಯುಸ್‌ನ ಅಂಗಡಿಯ ಹಾಶಿಂ ನೀವು ಕಳಿಸಿದ ಆ ಆಟದ ಪೆಟ್ಟಿಗೆಯನ್ನೂ ಟಿ.ವಿ.ಯನ್ನೂ ರಜೆಯಲ್ಲಿ ಬರುವಾಗ ತಂದುಕೊಟ್ಟದ್ದು ನಿನ್ನ ಮದುವೆಯ ಮರುವರ್ಷ. ರಿಜಿಸ್ಟ್ರಾರ್ ಆಫೀಸಿನಲ್ಲಿ ನೀನು ಸಹಿ ಹಾಕಿದ ದಿನದಿಂದ ನಿನ್ನ ಅಪ್ಪ ನಿನ್ನ ಹೆಸರು ಹೇಳಿರಲಿಲ್ಲ. ಪೆಟ್ಟಿಗೆ ಕಳಿಸಿದವರು ಯಾರೆಂದೂ ಕೇಳಲಿಲ್ಲ. ಪೇಪರು ಅಡ್ಡ ಹಿಡಿದು ಕೂತರು. ನಾನೇ ತಂತಿ ಸಿಕ್ಕಿಸಿ ಶುರು ಮಾಡಿದೆ. ಒಂದಕ್ಷರ ಜಪಾನಿ ಬಾರದವಳು, ಗುಂಡಿ ಒತ್ತಿದ ಕಡೆಗೆಲ್ಲ ಆ ಸಣ್ಣ ಕತ್ತಿಯವನು ನಡೆದ. ಕೋಟೆಯಿಂದ ಹೊರಗೆ ಬಂದ ಕೂಡಲೇ ಏಡಿಯಂಥದ್ದೊಂದು ಅವನನ್ನು ಕೊಂದಿತು. ಪುನಃ ಬಂದ, ಪುನಃ ಸತ್ತ. ಆಗ ಪೇಪರಿನ ಹಿಂದಿನಿಂದ, ಆ ಸೇತುವೆ ದಾಟಬೇಡ ಮಾರಾಯ್ತಿ, ಕೋಟೆಯ ಹತ್ತಿರವೇ ಸುತ್ತು ಎಂದು ಸ್ವರ ಬಂತು. ಮರುದಿನ ಪೆಟ್ಟಿಗೆ ಅವರ ಕೈಯಲ್ಲಿತ್ತು.

ಮೊದಲನೆಯದು ಸಣ್ಣ ಆಟ. ಒಬ್ಬನೇ ಹೋಗುವುದು, ಎದುರಿಗೂ ಒಬ್ಬನೇ ಬರುವುದು. ಊರುಗಳು ಕಡಿಮೆ, ದಾರಿ ಬಾಯಿಪಾಠವಾಗುತ್ತದೆ. ಭಾಷೆ ಬಾರದವರಿಗೆ ಇದೇ ಸರಿ, ತಪ್ಪು ಮಾಡಿದರೂ ಆಟ ನಡೆಯುತ್ತದೆ. ಒಂದು ಮನೆಗೆ ಹೋಗಿ ಹಣ ಕೊಟ್ಟರೆ ಕತ್ತಿಯವನಿಗೆ ಜೀವ ತುಂಬಿ ಬರುತ್ತಿತ್ತು. ನಿನ್ನ ಅಪ್ಪ ಅದನ್ನು ದೇವಸ್ಥಾನ ಎಂದು ನಂಬಿ, ಒಳಗೆ ಹೋಗುವಾಗಲೆಲ್ಲ ಕಾಲಿನ ಚಪ್ಪಲಿ ಕಳಚಿಡುತ್ತಿದ್ದರು. ಅದು ವಸತಿಗೃಹ ಎಂದು ನೀನು ಬರೆದ ಮೇಲೆಯೇ ಗೊತ್ತಾದದ್ದು. ಪಂಪ್‌ವೆಲ್‌ನಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದವರಿಗೆ ಹೋಟೆಲು ಕಂಡು ಗುರುತಾಗಲಿಲ್ಲವಲ್ಲ ಎಂದು ನಾನು ನಕ್ಕೆ. ಅದಕ್ಕೆ ಅವರು, ಅಲ್ಲಿ ಊಟದ ವಾಸನೆಯೇ ಇರಲಿಲ್ಲ, ಹೇಗೆ ಗೊತ್ತಾಗುವುದು ಎಂದರು.

ಚೀಟಿಯ ಸಂಗತಿ ನಿನಗೆ ಗೊತ್ತೇ ಉಂಟು, ಆದರೂ ಪೂರ್ತಿ ಗೊತ್ತಿಲ್ಲ. ಆಟ ನಿಲ್ಲಿಸಬೇಕಾದರೆ ಕೋಟೆಗೆ ಹೋಗಿ ರಾಜನ ಎದುರು ನಿಲ್ಲಬೇಕು. ಅವನು ಒಂದು ಸಾಲು ಜಪಾನಿ ಅಕ್ಷರ ತೋರಿಸುತ್ತಾನೆ. ಅದನ್ನು ಬರೆದಿಟ್ಟುಕೊಂಡು ಮರುದಿನ ಹಾಗೆಯೇ ಒತ್ತಿದರೆ ಬಿಟ್ಟಲ್ಲಿಂದ ಆಟ ಮುಂದುವರಿಯುತ್ತದೆ. ಆ ಚೀಟಿಯನ್ನು ಕಾಗದದೊಳಗೆ ಇಟ್ಟು ನಿನಗೆ ಕಳಿಸಿದರೆ ನೀನು ಶಾರ್ಜಾದಲ್ಲಿ ಅಲ್ಲಿಂದಲೇ ಮುಂದೆ ಆಡಬಹುದು ಎಂದು ನನಗೆ ಹೊಳೆಯಿತು. ನಾನು ಬರೆದೆ ಎಂದೇ ನಿನಗೆ ಹೇಳಿದ್ದೆ. ಆ ಬಳ್ಳಿ ಬಳ್ಳಿ ಅಕ್ಷರವನ್ನು ಅಷ್ಟು ಚೆಂದ ಬಿಡಿಸುವ ಕೈ ನನ್ನದಲ್ಲ. ದಿನಾ ಬೆಳಿಗ್ಗೆ ಹೋಟೆಲಿನ ಕಪ್ಪುಹಲಗೆಯಲ್ಲಿ ಇವತ್ತಿನ ಮೀನು ಯಾವುದು ಎಂದು ಬರೆಯುವ ಕೈ ಯಾವುದು ಎಂದು ನಿನಗೆ ಮೊದಲ ಚೀಟಿಯಲ್ಲೇ ಗೊತ್ತಾಗಿರಬೇಕು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನ್ನ ಕಾಗದ ಬಂದರೆ ನಾನು ಅಡುಗೆಮನೆಯಲ್ಲಿ ನಿಂತು ಹಾಲ್‌ನಲ್ಲಿ ಕೂತ ನಿನ್ನ ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತಿದ್ದೆ. ಅವರು ಕೆಮ್ಮುತ್ತಲೂ ಇರಲಿಲ್ಲ. ನೀನು ಕಳಿಸಿದ ಚೀಟಿಯನ್ನು ಟಿ.ವಿ.ಯ ಮೇಲೆ ಇಟ್ಟು ನಾನು ನೀರು ತರಲು ಹೋಗುತ್ತಿದ್ದೆ. ಬರುವಷ್ಟರಲ್ಲಿ ಕತ್ತಿಯವನು ಹೊಸ ಊರಿನಲ್ಲಿ ನಿಂತಿರುತ್ತಿದ್ದ. ಓ, ಇಷ್ಟು ದೂರ ಬಂದನಾ ಎಂದು ಒಮ್ಮೆ ಅವರ ಬಾಯಿಂದ ಬಂತು. ನಿನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಕತ್ತಿಯವನ ಹೆಸರಿನಲ್ಲಿ.

ಎರಡನೆಯ ಭಾಗ ಬಂದಾಗ ಆಟ ದೊಡ್ಡದಾಯಿತು. ಅದರಲ್ಲಿ ಒಬ್ಬನಿಂದ ಆಗುವುದಿಲ್ಲ. ಇನ್ನಿಬ್ಬರನ್ನು ಹುಡುಕಿ ಕೂಡಿಸಿಕೊಳ್ಳಬೇಕು. ಒಬ್ಬನಿಗೆ ಕತ್ತಿ ಮಾತ್ರ, ಒಬ್ಬಳಿಗೆ ಮಂತ್ರ ಮಾತ್ರ, ಇನ್ನೊಬ್ಬನಿಗೆ ಎರಡೂ ಅರೆಬರೆ. ದೋಣಿ ಸಿಕ್ಕಿದ ಮೇಲೆ ಎಲ್ಲಿಗೆ ಹೋಗುವುದೆಂದೇ ತಿಳಿಯದು. ಕಡೆಯ ಗುಹೆಯಂತೂ ಅನ್ಯಾಯ. ನೆಲ ಕಂಡಲ್ಲಿ ಗುಂಡಿ. ಆ ಆಟ ಮಾಡಿದವರು ಯಾರ ಮೇಲೋ ಸಿಟ್ಟಿನಲ್ಲಿ ಮಾಡಿದ್ದು ಎಂದು ನಿನ್ನ ಅಪ್ಪ ಹೇಳುತ್ತಿದ್ದರು. ರಾಜನ ಸಾಲೂ ಉದ್ದವಾಯಿತು. ಒಂದು ಗೆರೆ ತಪ್ಪಿದರೆ ಸಂಜೆಯ ಆಟವೆಲ್ಲ ನೀರುಪಾಲು. ಅವರು ಕನ್ನಡಕ ಒರೆಸಿ, ಪೆನ್ಸಿಲ್ ಚೂಪು ಮಾಡಿ, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತು ಬರೆಯುತ್ತಿದ್ದರು. ಕರೆಂಟು ಹೋಗುವುದರೊಳಗೆ ಮುಗಿಯಲಿ ಎಂದು ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಬರೆದಾದ ಮೇಲೆ ಸಾಲನ್ನು ಹಿಂದಿನಿಂದ ಮುಂದಕ್ಕೂ ಒಮ್ಮೆ ತಾಳೆ ನೋಡುತ್ತಿದ್ದರು. ಅವರು ಮನೆಯಲ್ಲೇ ಆಡುವುದಾದರೆ ಅಷ್ಟು ಶ್ರಮ ಬೇಕಾಗಿರಲಿಲ್ಲ, ಅಲ್ಲಿ ಇಲ್ಲಿ ತಪ್ಪಿದರೆ ಹಳೆಯ ಚೀಟಿ ಇತ್ತು. ತಪ್ಪು ಸಾಲು ಶಾರ್ಜಾಕ್ಕೆ ಹೋಗಬಾರದು ಎಂಬುದು ಅವರ ಹೆದರಿಕೆ. ಗುಹೆಯ ದಾರಿಯನ್ನು ನೀನು ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸಿ ಕಳಿಸಿದೆಯಲ್ಲ, ಅದನ್ನು ಅವರು ಹೋಟೆಲಿಗೂ ಕೊಂಡುಹೋಗಿ ಗಲ್ಲಾದಲ್ಲಿ ಕೂತು ನೋಡುತ್ತಿದ್ದರು ಎಂದು ಅಡುಗೆಯ ಮಾಯಿಲಪ್ಪ ನನಗೆ ಹೇಳಿದ್ದಾನೆ.

ಇನ್ನು ಮೂರನೆಯದು. ಎಲ್ಲ ಲೆಕ್ಕದಲ್ಲೂ ಅದೇ ಒಳ್ಳೆಯದು ಎಂದು ನಿನ್ನ ಅಪ್ಪ ಹೇಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ. ಸಂಗೀತ ಚೆಂದ. ಹಗಲು ರಾತ್ರಿ ಆಗುತ್ತದೆ. ಜೊತೆಗೆ ಬರುವವರನ್ನು ಶುರುವಿನಲ್ಲಿ ನಾವೇ ಆರಿಸಬಹುದು. ಹೋಟೆಲಿಗೆ ಆಳು ಇಡುವವರ ಹಾಗೆ ಒಬ್ಬೊಬ್ಬರನ್ನೇ ನೋಡಿ, ಚೀಲ ಹಿಡಿದ ಒಬ್ಬ ದಪ್ಪದವನನ್ನು ಇವನು ನಂಬಿಗಸ್ತ ಕಾಣ್ತಾನೆ ಎಂದು ಆರಿಸಿದರು. ಅವನು ಮೊದಲ ಪೆಟ್ಟಿಗೇ ಮಲಗಿದ. ಎಲ್ಲಕ್ಕಿಂತ ದೊಡ್ಡ ಸಂಗತಿ, ಅದರ ಒಳಗೆ ಬ್ಯಾಟರಿ ಉಂಟು. ಆಡಿದ್ದನ್ನು ಅದೇ ನೆನಪಿಟ್ಟುಕೊಳ್ಳುತ್ತದೆ. ರಾಜ ಏನೂ ತೋರಿಸುವುದಿಲ್ಲ, ಯಾರೂ ಏನೂ ಬರೆಯಬೇಕಾಗಿಲ್ಲ. ಎಂಥ ಬುದ್ಧಿ ನೋಡು ಎಂದು ನಿನ್ನ ಅಪ್ಪ ಆ ಜಪಾನಿಯವರನ್ನು ಬಾಯ್ತುಂಬ ಹೊಗಳಿದರು. ಪೆನ್ಸಿಲ್ ಕಪಾಟಿನ ಮೇಲೆ ಹೋಯಿತು.

ಸೆಪ್ಟೆಂಬರಿನಿಂದ ಚೀಟಿ ಬಾರದ್ದಕ್ಕೆ ಇಷ್ಟೇ ಕಾರಣ, ಕುಶಲಾ. ಮನಸ್ಸು ಮುಚ್ಚಿದ್ದಲ್ಲ, ಕಳಿಸಲಿಕ್ಕೆ ಏನೂ ಇರಲಿಲ್ಲ. ನಾನಾದರೂ ತಿಳಿದುಕೊಳ್ಳಬೇಕಿತ್ತು. ಅವರು ಖುಷಿಯಲ್ಲಿ ಆಡುತ್ತಾರೆ, ನಿನ್ನ ಕಾಗದವೂ ಬರುತ್ತದೆ, ಎಲ್ಲ ಸರಿ ಉಂಟು ಎಂದುಕೊಂಡೆ. ನೀನು ಅಲ್ಲಿ ಪ್ರತಿ ಕಾಗದದಿಂದ ಚೀಟಿ ಬೀಳುತ್ತದೆಯೇ ಎಂದು ಕೊಡವಿ ನೋಡುತ್ತಿದ್ದೆ ಎಂದು ಓದಿದಾಗ ಅಳು ಬಂತು.

ಅಭ್ಯಾಸದಂತೆ ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಐದು ತಿಂಗಳು ಎಂಬಲ್ಲಿ ಹಾಲ್‌ನಲ್ಲಿ ಗುಂಡಿ ಒತ್ತುವ ಸದ್ದು ನಿಂತಿತು. ಅತ್ತಾವರ ಎಂಬಲ್ಲಿ ಅವರೇ ಬಾಗಿಲಿಗೆ ಬಂದರು. ಅದಕ್ಕೆ ಬ್ಯಾಟರಿ ಉಂಟಲ್ಲ, ಚೀಟಿ ಎಂತಕ್ಕೆ, ಅವಳಿಗೆ ಗೊತ್ತಿಲ್ವಾ, ಅವಳ ಗಂಡನೇ ಅಲ್ವಾ ಅದನ್ನು ಕಳಿಸಿದ್ದು ಎಂದರು. ಗಂಡ ಎಂಬ ಶಬ್ದ ಅವರ ಬಾಯಲ್ಲಿ ಆವತ್ತೇ ಬಂದದ್ದು. ನಾನು ಒಗ್ಗರಣೆ ಹಾಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು.

ಆಮೇಲೆ ಅವರು ಮಾಡಿದ್ದು ಕೇಳು. ಮೂರನೆಯದನ್ನು ತೆಗೆದು ಎರಡನೆಯದನ್ನು ಹಾಕಿದರು. ಮುಗಿಸಿಯಾದ ಆಟವನ್ನು ಮೊದಲಿನಿಂದ ಶುರು ಮಾಡಿದರು. ನಿನ್ನೆ ಹೋಟೆಲಿಗೆ ಹೋಗಲಿಲ್ಲ, ಮಾಯಿಲಪ್ಪ ಬಂದು ಬೀಗದಕೈ ತೆಗೆದುಕೊಂಡು ಹೋದ. ಸಂಜೆಗೆ ರಾಜನ ಎದುರು ನಿಂತು ಒಂದು ಸಾಲು ಬರೆದು, ಅಡುಗೆಮನೆಗೆ ತಂದು, ಇದನ್ನು ಅವಳ ಕಾಗದದೊಳಗೆ ಇಡು ಎಂದರು. ನನಗೆ ಪಾಪ ಎನಿಸಿತು.

ಆದರೂ ಇಡುವುದಿಲ್ಲ ಎಂದೆ.

ಮೂರು ವರ್ಷ ಹೇಳದ್ದನ್ನು ನಿನ್ನೆ ಹೇಳಿದೆ. ಈ ಮನೆ ನನ್ನ ತಾಯಿಯಿಂದ ನನಗೆ ಬಂದದ್ದು. ನಮ್ಮ ಅಳಿಯಕಟ್ಟಿನಲ್ಲಿ ಮಗಳ ಮಗು ತಾಯಿಯ ಬಳಿಗೆ, ಅವಳ ಕುಲಕ್ಕೆ ಸೇರಿದ್ದು, ತಂದೆ ಯಾವ ಜಾತಿಯೆಂದು ಕಟ್ಟು ಕೇಳುವುದಿಲ್ಲ. ನಿನ್ನ ಹೊಟ್ಟೆಯಲ್ಲಿರುವುದು ನನ್ನ ಬಳಿಯ ಮಗು. ನಿನಗೆ ಬಾಗಿಲು ತೆರೆಯಲು ನನಗೆ ಯಾರ ಅಪ್ಪಣೆಯೂ ಬೇಡ, ನಿನ್ನ ಅಪ್ಪನದ್ದೂ ಬೇಡ. ಅವರೇ ತೆರೆಯಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ಆದರೆ ಬಸುರಿ ಮಗಳು ತಾನಾಗಿ ಗಾಡಿಯಿಂದಿಳಿದು ತವರಿಗೆ ಬರುವುದು ನಮ್ಮಲ್ಲಿ ಇಲ್ಲ. ತವರಿನವರು ಗಂಡನ ಮನೆಗೆ ಹೋಗಿ, ಕೂತು, ಅತ್ತೆಯ ಹತ್ತಿರ ಕೇಳಿ, ಅವರು ಹೂಂ ಎಂದ ಮೇಲೆ ಕರೆತರಬೇಕು. ಅತ್ತಾವರದ ಆ ಮನೆಯ ಮೆಟ್ಟಿಲನ್ನು ನಮ್ಮವರು ಯಾರೂ ಈವರೆಗೆ ತುಳಿದಿಲ್ಲ. ನಿಮ್ಮ ಜಪಾನಿ ಚೀಟಿಯನ್ನು ಓದಿ ಪಿಯುಸ್‌ನ ತಾಯಿ ಹುಡುಗಿಯನ್ನು ಕಳಿಸಿಕೊಡುವುದಿಲ್ಲ, ನೀವು ಹೋಗಿ ಬಾಯಿಬಿಟ್ಟು ಕೇಳಬೇಕು, ಇಲ್ಲವಾದರೆ ನಾನೊಬ್ಬಳೇ ಹೋಗಿ ಯಜಮಾನರಿಗೆ ತಲೆನೋವು, ಅದಕ್ಕೇ ಬರಲಿಲ್ಲ ಎಂದು ಸುಳ್ಳು ಹೇಳುತ್ತೇನೆ ಎಂದೆ.

ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತರು. ಟಿ.ವಿ. ಹಾಕಲಿಲ್ಲ. ಊಟಕ್ಕೆ ಬಂದರು, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅವರು ಹೋಗುತ್ತಾರೆ ಎಂದು ನಿನಗೆ ಆಸೆ ಹುಟ್ಟಿಸಿ ಬರೆಯಲು ನನಗೆ ಧೈರ್ಯವಿಲ್ಲ. ಪಿಯುಸ್‌ನ ತಾಯಿ ನಿನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದು ನನಗೆ ಗೊತ್ತು. ಅದಕ್ಕೇ ಅವರ ಮೇಲೆ ಹೊಟ್ಟೆಕಿಚ್ಚು. ನೀನು ನನ್ನ ಕಣ್ಣೆದುರು ಹೆರಬೇಕು, ಬಿಸಿನೀರು ನಾನು ಹೊಯ್ಯಬೇಕು ಎಂದು ನನಗೆ ಆಸೆ. ಅತ್ತಾವರ ಎಂದು ಈಗಲೇ ನಿಶ್ಚಯ ಮಾಡಬೇಡ, ಇನ್ನೊಂದು ಕಾಗದ ಬರುವವರೆಗೆ ತಡೆ.

ಪಿಯುಸ್‌ನ ಅಂಗಡಿಗೆ ಉತ್ತರ ಹೀಗೆ ಹೇಳು. ಒಂದೇ ಮನೆಯಲ್ಲಿ ಇರುವವರು ಮೂರನೆಯದನ್ನು ಕೊಳ್ಳಲಿ. ದೂರ ಇರುವವರಿಗೆ ಎರಡನೆಯದು. ನನ್ನನ್ನು ಕೇಳಿದರೆ ನನಗೆ ಅದೇ ಇಷ್ಟ, ಎಷ್ಟು ಕಾಡಿದರೂ.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ಅಮ್ಮ,
ಗುಣವತಿ

ತಾ.ಕ.: ಹೋಟೆಲಿಗೆ ಹೋಗುವ ದಾರಿಯಲ್ಲಿ ಪೋಸ್ಟಿಗೆ ಹಾಕಲು ಇದನ್ನು ನಿನ್ನ ಅಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ. ಮನೆಯಲ್ಲಿ ಅಂಟು ಮುಗಿದಿದೆ ಎಂದು ಹೇಳಿದ್ದೇನೆ, ಕವರು ಹಾಗೆಯೇ ತೆರೆದಿದೆ.

ಕುಶಲಾ,

ಅಂಟು ಮುಗಿದಿಲ್ಲ, ಕಿಟಕಿಯ ಹತ್ತಿರ ಉಂಟು. ಕಾಗದ ಓದಿದೆ. ಅನ್ನ ಎರಡನೆಯ ಸಲ ನಾನೇ ಹಾಕಿಕೊಂಡಿದ್ದೆ, ಅವಳು ನೋಡಲಿಲ್ಲ.

ಅತ್ತಾವರಕ್ಕೆ ನಾನು ಹೋಗುತ್ತೇನೆ. ಪಿಯುಸ್‌ನ ತಾಯಿಯವರ ಹೆಸರು ನನಗೆ ಗೊತ್ತಿಲ್ಲ, ತಿಳಿಸು. ಈಗ ಅವರಿಗೆ ಈಸ್ಟರಿಗೆ ಮೊದಲಿನ ತಪಸ್ಸುಕಾಲ, ಮಾಂಸ ಮುಟ್ಟುವುದಿಲ್ಲ ಎಂದು ಹೋಟೆಲಿನಲ್ಲಿ ಕೇಳಿ ತಿಳಿದುಕೊಂಡೆ. ಅಂಜಲ್ ಮೀನು ಕೊಂಡುಹೋದರೆ ಆಗುತ್ತದೆಯೇ ಬರೆ. ಅಲ್ಲಿ ಕೂತ ಮೇಲೆ ಮಾತು ಹೇಗೆ ಶುರು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ನೀನು ಬರೆದು ಕಳಿಸು, ಅದನ್ನೇ ಹೇಳುತ್ತೇನೆ.

ಅಪ್ಪ