ಹೆಬ್ಬೆಟ್ಟಿನ ಮೇಲಿನ ಅಕ್ಷರ

8-3-1964, ಭಾನುವಾರ

ಬೆಳಗಿನ ಬಸ್ಸಿಗೆ ಚಿಂತಾಮಣಿ ಬಿಟ್ಟು ದಿಬ್ಬೂರಹಳ್ಳಿಯಲ್ಲಿ ಇಳಿದೆ. ಅಲ್ಲಿಂದ ಊರಿಗೆ ನಡಿಗೆ. ಅಪ್ಪ ಹೋಗಿ ಮೂರು ತಿಂಗಳು. ಊರಿನ ತೋಟಿ ಕೆಲಸಕ್ಕೆಂದು ಅವರಿಗೆ ಬಿಟ್ಟಿದ್ದ ಇನಾಮು ಜಮೀನು ಇನ್ನು ಅಮ್ಮನ ಹೆಸರಿಗೆ ಆಗಬೇಕು. ಹಳೇ ಕಾಗದ ತನ್ನಿ ಅಂದಿದ್ದಾರೆ ತಾಲ್ಲೂಕು ಕಚೇರಿಯವರು.

ತಗಡಿನ ಪೆಟ್ಟಿಗೆ ತೆಗೆದೆ. ಕಂದಾಯದ ರಸೀದಿಗಳು, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ನಕಲು. ಜಮೀನಿನ ಕಾಗದ ಸಿಕ್ಕಿತು. ಕೆಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಫೋಟೋ, ಒಂದು ಕಟ್ಟು ಪತ್ರ.

ಫೋಟೋದಲ್ಲಿ ಬಿಳಿ ಸೀರೆಯ ಎಂಟು ಹೆಂಗಸರು. ಹಿಂದೆ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ಎಂದು ಬರೆದಿದೆ. ಕೊನೆಯಲ್ಲಿ ನಿಂತಿರುವ ಸಣಕಲು ಹುಡುಗಿ—ಅಮ್ಮ. ಕೈಯಲ್ಲಿ ಪುಸ್ತಕ.

ಅಮ್ಮನಿಗೆ ತೋರಿಸಿದೆ. "ಯಾವ್ದೋ ಹಳೇದು, ಬಿಡಪ್ಪ" ಎಂದು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು.

ಅದೇ ದಿನ, ಸಂಜೆ 4 ಗಂಟೆ

ಪತ್ರಗಳನ್ನು ಓದಿದೆ. ಪತ್ರಗಳಲ್ಲ, ಅರ್ಜಿಗಳ ನಕಲು. ಹನ್ನೊಂದು. 1936ರಿಂದ 38ರವರೆಗೆ, ಸ್ಕೂಲ್ ಇನ್‌ಸ್ಪೆಕ್ಟರಿಗೆ. "ನಮ್ಮ ಕೇರಿಯ ಏಳು ಮಕ್ಕಳು ಶಾಲೆಯ ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಾರೆ. ಮಳೆ ಬಂದರೆ ಆ ದಿನ ಪಾಠವಿಲ್ಲ. ಒಳಗೆ ಗೋಡೆಯ ಪಕ್ಕ ಜಾಗ ಖಾಲಿ ಇದೆ. ಅಳತೆ ಮಾಡಿ ನೋಡಬಹುದು." ಒಂದು ಮಾತು ಹೆಚ್ಚಿಲ್ಲ, ಅಂಗಲಾಚಿಲ್ಲ. ಹನ್ನೆರಡು ವರ್ಷದಿಂದ ಮೇಷ್ಟರಾಗಿದ್ದೇನೆ, ಇಷ್ಟು ಚೆನ್ನಾಗಿ ಒಂದು ಅರ್ಜಿ ಬರೆದಿಲ್ಲ.

ಎಲ್ಲದರ ಕೆಳಗೂ ಅಪ್ಪನ ಹೆಬ್ಬೆಟ್ಟು. ಪಕ್ಕದಲ್ಲಿ ಆವುಲಪ್ಪ ಎಂದು ಅವರ ಹೆಸರು, ದುಂಡಗಿನ ಅಕ್ಷರ.

38ರಲ್ಲಿ ನಾನು ಶಾಲೆಗೆ ಸೇರಿದ್ದು. ಒಳಗೇ ಕೂತೆ. ಶಾಲೆ ಎಂದರೆ ಎಲ್ಲರೂ ಒಳಗೆ ಕೂರುವುದು ಅಂದುಕೊಂಡಿದ್ದೆ...

ಬರೆದವರು ಯಾರು? ಕೋನಪ್ಪ ಚಿಕ್ಕಪ್ಪನನ್ನು ಕೇಳಿದೆ. "ಊರೆಲ್ಲ ಕೇಳ್ತು ಕಣೋ. ಅಣ್ಣ ಬಾಯಿ ಬಿಡ್ಲಿಲ್ಲ. ನನಗೂ ಹೇಳ್ಲಿಲ್ಲ."

9-3-1964

ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಅರ್ಜಿಗಳನ್ನು ಮುಂದಿಟ್ಟು ಕೇಳಿದೆ. ಕೈ ನಿಲ್ಲಿಸಲಿಲ್ಲ.

"ನಾನೇ ಕಣಪ್ಪ ಬರ್ದಿದ್ದು."

ಮದುವೆಗೆ ಮುಂಚೆ ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳಂತೆ. ಅಲ್ಲಿನ ನರ್ಸಮ್ಮ ಓದು ಬರಹ ಕಲಿಸಿದರಂತೆ.

"ಹೆಂಗಸು ಬರ್ದಿದ್ದು, ಅದ್ರಲ್ಲೂ ನಮ್ಮ ಕೇರಿಯೋಳು ಅಂದ್ರೆ ಯಾರು ನೋಡ್ತಾರೆ? ನಿಮ್ಮಪ್ಪ ಹೆಬ್ಬೆಟ್ಟು ಒತ್ತಿದ್ರು. ಸರ್ಕಾರಿ ಕಾಗದ ಹೊತ್ಕೊಂಡು ಶಿಡ್ಲಘಟ್ಟಕ್ಕೆ ಹೋಗ್ತಿದ್ರಲ್ಲ, ಅದರ್ ಜೊತೆ ಇದನ್ನೂ ಕೊಟ್ಟು ಬರೋರು."

"ಆಮೇಲೆ?"

"ಹನ್ನೊಂದನೇದಕ್ಕೆ ಇನ್‌ಸ್ಪೆಕ್ಟ್ರು ಬಂದ್ರು. ನಿಜವಾಗ್ಲೂ ಟೇಪು ಹಿಡ್ದು ಅಳೆದ್ರು. ಮಕ್ಕಳು ಒಳಗೆ ಹೋದ್ವು. ಎರಡು ತಿಂಗ್ಳು ನಮ್ಮನ್ನ ಯಾರೂ ಕೂಲಿಗೆ ಕರೀಲಿಲ್ಲ. ಬರ್ದೋರ ಹೆಸ್ರು ಹೇಳು, ಕರೀತೀವಿ ಅಂದ್ರು. ನಿಮ್ಮಪ್ಪ ಹೇಳ್ಲಿಲ್ಲ. ಹುಣಸೆ ಚಿಗುರು ತಿಂದ್ಕೊಂಡಿದ್ವಿ. ಆಮೇಲೆ ಬಚ್ಚಿಡೋದೇ ಅಭ್ಯಾಸ ಆಗೋಯ್ತು."

ನನ್ನ ಕಾಗದಗಳು? ಪೋಸ್ಟ್‌ಮ್ಯಾನ್ ಹತ್ತಿರ ಓದಿಸಿಕೋ ಎಂದು ಪ್ರತಿ ಸಲ ಬರೆಯುತ್ತಿದ್ದೆ.

"ಅವ್ನು ಸಾಲು ಬಿಟ್ಟು ಓದ್ತಾನೆ. ಅವ್ನು ಹೋದ್ಮೇಲೆ ನಾನು ಓದ್ಕೋತಿದ್ದೆ."

58ರಲ್ಲಿ ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದಾಗ ಅವಳೆದುರಿಗೇ ಅಂದಿದ್ದೆ: ನಮ್ಮಮ್ಮ ಏನೂ ಓದಿಲ್ಲ ಸಾರ್. ಅವಳು ಕಾಫಿ ಲೋಟ ಇಟ್ಟು ಒಳಗೆ ಹೋದಳು. ಈಗ ಅದನ್ನು ನೆನಪಿಸಿ ತಪ್ಪಾಯ್ತಮ್ಮ ಅಂದೆ.

"ನನಗೆ ಯಾಕಮ್ಮ ಹೇಳ್ಲಿಲ್ಲ?"

"ನೀನು ಒಂದಿನಾನಾದ್ರೂ ಕೇಳಿದ್ಯಾ?" ಕೋಪವಿಲ್ಲ ದನಿಯಲ್ಲಿ. ಸೊಪ್ಪನ್ನು ತಟ್ಟೆಗೆ ಹರವಿದಳು. ನಾನು ಪಕ್ಕದಲ್ಲಿ ಕೂತು ಇನ್ನೊಂದು ತಟ್ಟೆ ಎಳೆದುಕೊಂಡೆ.

22-3-1964, ಚಿಂತಾಮಣಿ

ಅಮ್ಮನಿಗೆ ಕಾಗದ ಬರೆದೆ. ಮೊದಲ ಸಲ ಅವಳ ಹೆಸರಿಗೇ—ಶ್ರೀಮತಿ ಮುನಿಗಂಗಮ್ಮನವರಿಗೆ. ಮೂರು ಕಾಗದ ಹರಿದೆ. ನನ್ನ ಅಕ್ಷರ ಅವಳ ಅಕ್ಷರದ ಮುಂದೆ ಕೋಳಿ ಕೆದರಿದ ಹಾಗೆ.

ನನ್ನ ಹೆಂಡತಿ ಆಂಜಿನಮ್ಮನಿಗೆ ಎಲ್ಲ ಹೇಳಿದೆ. "ಅತ್ತೆ ಇಲ್ಲಿಗೆ ಬಂದಾಗೆಲ್ಲ ಅವರ ಮುಂದೆ ನಾನು ದಿನಾ ಪೇಪರ್ ಗಟ್ಟಿಯಾಗಿ ಓದ್ತಿದ್ದೆ, ಪಾಪ ತಿಳೀಲಿ ಅಂತ. ತಪ್ಪು ಓದಿದ್ರೂ ಹ್ಞೂಂ ಅನ್ನೋರು ನೋಡಿ" ಅಂದಳು. ಇಬ್ಬರಿಗೂ ನಗು ಬಂತು. ನಂತರ ಅವಳು ಕಣ್ಣು ಒರೆಸಿಕೊಂಡಳು.

4-4-1964

ಉತ್ತರ ಬಂತು. ಅದೇ ದುಂಡಗಿನ ಅಕ್ಷರ, ಕೊಂಚ ನಡುಗಿದೆ. ಹುಳ ಗೂಡು ಕಟ್ಟಿವೆ. ಚಿಕ್ಕಪ್ಪನ ಹಸು ಕರು ಹಾಕಿದೆ. ಊರಿನವರಿಗೆ ತಾನೇ ಹೇಳಿದ್ದಾಳೆ, ಆ ಅರ್ಜಿ ಬರೆದವಳು ನಾನು ಎಂದು. ಯಾರೂ ಏನೂ ಅನ್ನಲಿಲ್ಲವಂತೆ. ಇಬ್ಬರು ಮುದುಕರು ನಮಸ್ಕಾರ ಮಾಡಿದರಂತೆ.

ಕೊನೆಯ ಸಾಲು: "ಐದನೇ ತಾರೀಖು ಭಾನುವಾರ ಬರುತ್ತೇನೆ. ಪ್ರತಿ ಸಲ ಕೋನಪ್ಪನನ್ನು ಜೊತೆಗೆ ಕರೆದುಕೊಂಡು ಬಾ ಅನ್ನುತ್ತಿದ್ದೆಯಲ್ಲ, ಇನ್ನು ಬೇಡ. ಬಸ್ಸಿನ ಬೋರ್ಡನ್ನು ನಾನೇ ಓದಿಕೊಂಡು ಹತ್ತುತ್ತೇನೆ."

5-4-1964, ಬೆಳಿಗ್ಗೆ 9.30

ಅಮ್ಮನ ಬಸ್ಸು ಬರುವುದು ಹತ್ತಕ್ಕೆ. ಆಂಜಿನಮ್ಮ ಬಾಗಿಲು ತೊಳೆದು ರಂಗೋಲಿ ಬಿಟ್ಟಿದ್ದಾಳೆ. ಹೆಡ್‌ಮಾಸ್ಟರಿಗೂ ಹೇಳಿ ಕಳಿಸಿದ್ದೇನೆ, ಮನೆಗೆ ಬನ್ನಿ ಸಾರ್, ನಮ್ಮಮ್ಮನನ್ನು ಸರಿಯಾಗಿ ಪರಿಚಯ ಮಾಡಿಸಬೇಕು ಎಂದು. ಅವರು ಬಂದು ಜಗಲಿಯಲ್ಲಿ ಕೂತಿದ್ದಾರೆ. ಏನು ಹೇಳಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಇವರು ನಮ್ಮ ತಾಯಿ, ಸಾರ್, ಇವರು—