ಪೇಢೆ ಸುತ್ತಿದ ಕರಪತ್ರ

ಬೆಟಗೇರಿ
ತಾ. ೨-೧೨-೧೯೫೬, ರವಿವಾರ

ಪ್ರೀತಿಯ ಪದ್ಮಕ್ಕನಿಗೆ,

ವಿಮಲೆಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಬೀಳುವುದು ಗುಲಾಮಗಿರಿಯ ಲಕ್ಷಣವೆಂದು ಹೋದ ವರ್ಷ ನಿನಗೆ ನಾಲ್ಕು ಪುಟ ಬರೆದವಳು ನಾನೇ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೂ ಈ ಸಲ ಬಿದ್ದಿದ್ದೇನೆ ಎಂದೇ ತಿಳಿ.

ನಿನ್ನ ಪತ್ರ ಬಂದು ಇಪ್ಪತ್ತಾರು ದಿನಗಳಾದವು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ಪತ್ರ ಹೋಗಿ ಭಾಷಣವಾಯಿತು, ಹರಿದು ಹಾಕಿದೆ. "ಇನ್ನ ನನಗ ಕರಪತ್ರ ಕಳಸಬ್ಯಾಡ ವಿಮಲಿ, ನಿನ್ನ ಖಬರ ಬರಿ" ಎಂದಿದ್ದೀಯ. ಈ ಲಕೋಟೆಯೊಳಗೆ ಕರಪತ್ರವಿಲ್ಲ, ಬೇಕಾದರೆ ಜಾಡಿಸಿ ನೋಡು.

ಭಾವನವರು ಬೇರೆ ಹಾಳೆಯಲ್ಲಿ ಬರೆದದ್ದನ್ನು ಸುಂದರಾ ಮೌಶಿಯೂ ನಾನೂ ಓದಿದೆವು. ತಂಬಿಗೆಗಟ್ಟಲೆ ನೀರು ಕುಡಿದರೂ ನಿನ್ನ ದಾಹ ತೀರುತ್ತಿಲ್ಲ, ಕಾಲಿನ ಹುಣ್ಣು ದಸರೆಯಿಂದ ಮಾಯ್ದಿಲ್ಲ, ಸಕ್ಕರೆ ಜಡ್ಡು ಎಂದು ಡಾಕ್ಟರರು ಸೂಜಿ ಬರೆದುಕೊಟ್ಟರೆ ನೀನು ಆ ಚೀಟಿಯನ್ನು ಒಲೆಗೆ ಹಾಕಿದೆಯಂತೆ. "ಅವ್ವನ್ನ ಕೊಂದದ್ದ ಸೂಜಿ. ನಾ ಚುಚ್ಚಿಸ್ಕೊಳ್ಳಾಂಗಿಲ್ಲ" ಎಂದೆಯಂತೆ. ಅಕ್ಕ, ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಒಂದೇ. ಒಂದು ಗುರುವಾರ ಬೆಟಗೇರಿಗೆ ಬಾ. ಯಾಕೆ ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ಅವ್ವನ ತಂಗಿಯಾದ ತಪ್ಪಿಗೆ ಮೌಶಿಗೂ ಅದೇ ಜಡ್ಡು ಇರುವುದು ನಿನಗೆ ಗೊತ್ತು. ನಾನು ಆಷಾಢದಲ್ಲಿ ಅವಳ ಮನೆಗೆ ಬಂದಾಗ ಕಂಡದ್ದು ಇದು: ಮೌಶಿ ಪ್ರತಿ ಗುರುವಾರ ಮಧ್ಯಾಹ್ನ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಭಜನೆಗೆ ಹೋಗುತ್ತಾಳೆ. ಹೋಗುವಾಗ ಕೈಯಲ್ಲಿ ತಾಳವಿಲ್ಲ, ಬಂದ ಮೇಲೆ ಬಾಯಲ್ಲಿ ಹಾಡಿಲ್ಲ. ಯಾರೋ ಢೋಂಗಿ ಸ್ವಾಮಿಯ ಬಲೆಗೆ ಬಿದ್ದಿದ್ದಾಳೆಂದು ತಿಳಿದು, ಅವಳನ್ನು ವಿಮೋಚನೆ ಮಾಡಲು ಒಂದು ಗುರುವಾರ ಬೆನ್ನು ಹತ್ತಿದೆ.

ಹೋಗಿ ನೋಡಿದರೆ ಅದು ಖೈರುನಬಿಯ ಹಿತ್ತಲು. ಖೈರುನಬಿ ನೇಕಾರರ ನೂಲಿಗೆ ಬಣ್ಣ ಹಾಕಿಕೊಡುವಾಕೆ. ಅವಳ ಕೈ ಮೊಣಕೈಯವರೆಗೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಅವಳೂ ಸೇರಿ ಎಂಟು ಹೆಂಗಸರು ಒಲೆಯ ಸುತ್ತ ಕುಳಿತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಸೀಸೆ. ಅದರಲ್ಲಿ ತೀರ್ಥವಲ್ಲ, ಅಕ್ಕ. ಅವರವರದೇ ಮೂತ್ರ. ದವಾಖಾನೆಯ ಕಂಪೌಂಡರ್ ಕೊಡುವ ನೀಲಿ ಔಷಧದಲ್ಲಿ ಅದರ ಎಂಟು ಹನಿ ಬಿಟ್ಟು, ಗಾಜಿನ ಕೊಳವೆಯನ್ನು ಕುದಿಯುವ ನೀರಿನಲ್ಲಿ ನಿಲ್ಲಿಸುತ್ತಾರೆ. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಕೆಂಪಾದರೆ ದೇವರೇ ಗತಿ. ಡಾಕ್ಟರರು ಕೊಟ್ಟ ಕಾಗದದಲ್ಲಿ ಇರುವುದು ಈ ನಾಲ್ಕೇ ಬಣ್ಣ. ಖೈರುನಬಿಯ ಕಣ್ಣಿಗೆ ಹದಿನಾರು ಕಾಣುತ್ತವೆ.

ಅವಳು ಮೌಶಿಯ ಕೊಳವೆ ಎತ್ತಿ ಬೆಳಕಿಗೆ ಹಿಡಿದಳು. "ಸುಂದರಾಬಾಯಾರ, ಇದು ಅನ್ನದ ಹಳದಿ ಅಲ್ರಿ. ಇದು ಹೋಳಿಗಿ ಹಳದಿ."

"ಒಂದ ಒಂದು ತಿಂದೆ. ಸೀಮಂತದ ಊಟದಾಗ ಬ್ಯಾಡ ಅನ್ಲಿಕ್ಕೆ ಬರ್ತದೇನು?" ಎಂದಳು ಮೌಶಿ.

ಖೈರುನಬಿ ಕೊಳವೆಯನ್ನು ಇನ್ನೊಮ್ಮೆ ತಿರುಗಿಸಿದಳು. "ಒಂದಕ್ಕ ಇಷ್ಟು ಬಣ್ಣ ಏರೂದಿಲ್ರಿ."

"ಆತು, ಎರಡು."

"ಎರಡೂವರಿ ಅನ್ರಿ, ಮುಗಸ್ರಿ!" ಎಂದು ಪಕ್ಕದಲ್ಲಿದ್ದ ಶಾರದವ್ವ ನಕ್ಕಳು.

"ಉಳದ ಅರ್ಧ ಯಾರ ಹೊಟ್ಯಾಗ ಹೋತು, ಅದನ್ನೂ ಹೇಳ್ಲೇನು?" ಎಂದಳು ಮೌಶಿ. ಶಾರದವ್ವನ ಕೊಳವೆ ಆಗಲೇ ಕಿತ್ತಳೆಯ ಕಡೆಗೆ ಹೊರಟಿತ್ತು.

ಈ ಶಾರದವ್ವ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಾಕೆ, ಬೆಲ್ಲದ ವ್ಯಾಪಾರಿ ದೇವೇಂದ್ರಪ್ಪನವರ ಹೆಂಡತಿ. ಅವಳಿಗೆ ಜಡ್ಡು ಇರುವುದು ಗಂಡನಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ಅತ್ತೆಗೆ ತಿಳಿದರೆ ಉಗ್ರಾಣದ ಕೀಲಿಕೈ ಎಂದೂ ತನ್ನ ಕೈಗೆ ಬರುವುದಿಲ್ಲವೆಂಬ ಭಯ. ಉಳಿದವರದೂ ಇಂಥದೇ ಒಂದೊಂದು ಭಯ. ಸಕ್ಕರೆ ಜಡ್ಡಿನವಳ ಮಗಳನ್ನು ಯಾರು ಸೊಸೆಯಾಗಿ ತಂದುಕೊಳ್ಳುತ್ತಾರೆ? ಅದಕ್ಕೇ ಮನೆಯಲ್ಲಿ ಭಜನೆ ಎಂದು ಹೇಳಿ ಬರುವುದು. ಸೀಸೆ ಹಿಡಿದು ಬಂದ ಇಬ್ಬರು ಸಾಬರ ಹೆಂಗಸರು ದರ್ಗಾಕ್ಕೆ ಎಂದು ಹೇಳಿ ಬರುತ್ತಿದ್ದರು. ಗುರುವಾರ ಎರಡೂ ಕಡೆಯವರಿಗೆ ಅನುಕೂಲ.

ಮೊದಮೊದಲು ಮೌಶಿ ಅಲ್ಲಿಂದ ಬಂದವಳೇ ಮಡಿಗಾಗಿ ಸ್ನಾನ ಮಾಡುತ್ತಿದ್ದಳಂತೆ. ಅದು ಖೈರುನಬಿಯ ಕಿವಿಗೆ ಬಿತ್ತು. "ಅಲ್ರಿ ಬಾಯಾರ, ನಿಮ್ಮ ಉಚ್ಚಿ ಸೀಸೆ ನಾ ಮುಟ್ತೀನಿ. ನನ್ನ ಮುಟ್ಟಿದ್ದಕ್ಕ ಜಳಕಾ ಮಾಡಾವ್ರು ನೀವೇನ್ರಿ?" ಎಂದು ಕೇಳಿದಳಂತೆ. ಅಂದಿಗೆ ಸ್ನಾನ ನಿಂತಿತು. ಅಸ್ಪೃಶ್ಯತೆಯ ಮೇಲೆ ನಾನು ಮೌಶಿಗೆ ಆರು ಪುಸ್ತಿಕೆ ಓದಿ ಹೇಳಿದ್ದೆ. ಆರರಲ್ಲಿ ಒಂದಕ್ಕೂ ಆಗದ ಕೆಲಸ ಅದು.

ಮೌಶಿಗೆ ಮುಂಜಾನೆಯ ಸೂಜಿ ಹಾಕುವುದೂ ಶಾರದವ್ವನೇ. ಸೂಜಿಯನ್ನು ಕುದಿಸಿ, ತೋಳು ಒರೆಸಿ, "ನಿಮ್ಮ ಸೊಸಿ ಇವತ್ತೇನು ಮಾಡಿದ್ಲ್ರಿ?" ಎಂದು ಕೇಳುತ್ತಾಳೆ. ಮೌಶಿ ಸೊಸೆಯ ಪುರಾಣ ಶುರು ಮಾಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತದೆ. ಪುರಾಣ ಮಾತ್ರ ಅರ್ಧ ತಾಸು ನಡೆಯುತ್ತದೆ.

ಇಷ್ಟು ಚೆನ್ನಾಗಿ ನಡೆದಿದ್ದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಇದಕ್ಕೆ ಸಂಘಟನೆ ಇಲ್ಲ, ಠರಾವು ಇಲ್ಲ, ಹೆಸರೂ ಇಲ್ಲ! ನವೆಂಬರ್ ಒಂದಕ್ಕೆ ನಾಡು ಒಂದಾಗುವುದಿತ್ತು. ಆ ದಿನವೂ ಗುರುವಾರವೇ. ಯಾರಿಗೂ ಹೇಳದೆ ಕರಪತ್ರ ಬರೆದು, ಐನೂರು ಪ್ರತಿ ಅಚ್ಚು ಹಾಕಿಸಿದೆ. "ಸಕ್ಕರೆಯೇ ವಿಷ! ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಧುಮೇಹಿ ಭಗಿನಿಯರೇ, ನಾಡು ಒಂದಾಯಿತು, ನೀವೂ ಒಂದಾಗಿರಿ! ಗುರುವಾರ ಮಧ್ಯಾಹ್ನ ಸೀಸೆಯೊಂದಿಗೆ ಖೈರುನಬಿಯ ಹಿತ್ತಲಿಗೆ ಬನ್ನಿರಿ!" ಕೆಳಗೆ ಪದಾಧಿಕಾರಿಗಳ ಹೆಸರು. ಹೆಸರುಗಳಿಲ್ಲದ ಕರಪತ್ರವನ್ನು ನಾನು ಈವರೆಗೆ ಓದಿಲ್ಲ, ಅಕ್ಕ. ಅಧ್ಯಕ್ಷೆ: ಬೆಲ್ಲದ ವ್ಯಾಪಾರಸ್ಥ ದೇವೇಂದ್ರಪ್ಪನವರ ಧರ್ಮಪತ್ನಿ ಸೌ. ಶಾರದವ್ವ. ಉಪಾಧ್ಯಕ್ಷೆ: ಸೌ. ಸುಂದರಾಬಾಯಿ. ಬಣ್ಣ ಪರೀಕ್ಷಕರು: ಖೈರುನಬಿ. ಹೀಗೆ ಎಂಟೂ ಜನ. ಕಾರ್ಯದರ್ಶಿ: ಕು. ವಿಮಲಾ. ಅವರಿಗೆಲ್ಲ ಹಿಗ್ಗಾಗುತ್ತದೆಂದು ತಿಳಿದಿದ್ದೆ.

ಆ ದಿನ ಗದಗಿನ ಮೆರವಣಿಗೆ ನೋಡಬೇಕಿತ್ತು ನೀನು! ನಾನು ಕರಪತ್ರಗಳ ಗಂಟನ್ನು, ಊರಿಗೆಲ್ಲ ಹಂಚಲು ತಂದಿದ್ದ ಪೇಢೆಯ ಬುಟ್ಟಿಗಳ ಹತ್ತಿರ ಇಟ್ಟು ಘೋಷಣೆ ಕೂಗಲು ಹೋದೆ. ಧ್ವನಿ ಬಿದ್ದುಹೋಗುವವರೆಗೆ ಕೂಗಿ ಮರಳಿದರೆ ಗಂಟಿಲ್ಲ. ಪೇಢೆ ಹಂಚುವ ಅಂದಾನಪ್ಪ ಎಂಬ ಸ್ವಯಂಸೇವಕ ನಗುತ್ತ ಕೈಮುಗಿದ. "ಕಾಗದ ಖಾಲಿ ಆಗಿತ್ರಿ ಬಾಯಾರ. ನಿಮ್ಮವು ಚಲೋ ದಪ್ಪ ಇದ್ದುವು. ನಿಮ್ಮ ಕೆಲಸಾನೂ ಆತು, ನಮ್ಮ ಕೆಲಸಾನೂ ಆತು!"

ಒಂದೊಂದು ಕರಪತ್ರದಲ್ಲಿ ಎರಡೆರಡು ಪೇಢೆ ಸುತ್ತಿ ಬೆಟಗೇರಿಯ ಮನೆಮನೆಗೆ ಹಂಚಿ ಮುಗಿದಿತ್ತು. ಶಿರಹಟ್ಟಿಯ ಮೋಟಾರಿಗೂ ಮುಂಡರಗಿಯ ಮೋಟಾರಿಗೂ ಒಂದೊಂದು ಬುಟ್ಟಿ ಹೋಗಿತ್ತು. ಮುಂಡರಗಿಯ ನಿಮ್ಮ ಮನೆಗೆ ಬಂದ ಪೇಢೆಯನ್ನು ನೀನು ತಿಂದಿಲ್ಲವೆಂದು ನಂಬಿದ್ದೇನೆ. ಊರೆಲ್ಲ ಪೇಢೆ ತಿಂದಿತು, ಬೆರಳು ನೆಕ್ಕಿತು, ಆಮೇಲೆ ಕಾಗದ ಓದಿತು.

ಸಂಜೆಗೆ ದೇವೇಂದ್ರಪ್ಪನವರ ದನಿ ಗೋಡೆಯಾಚೆಯಿಂದ ಕೇಳಿಬಂತು. "ಬೆಲ್ಲದಂಗಡಿ ಹೆಂಡ್ತಿ ಸಕ್ಕರಿ ಜಡ್ಡಿನ ಅಧ್ಯಕ್ಷಿ ಅಂತ! ಪ್ಯಾಟ್ಯಾಗ ಮುಖಾ ತೋರ್ಸಬೇಕೋ ಬ್ಯಾಡೋ ನಾ? ಎರಡು ವರ್ಷ ಭಜನಿ ಮಾಡೀಯಲ್ಲ, ಒಂದು ಹಾಡು ಹೇಳು ನೋಡೋಣು!" ಶಾರದವ್ವನಿಗೆ ಬರುವುದು ಜೋಗುಳ ಒಂದೇ. ನಿಂತಲ್ಲೇ ಮೂರು ನುಡಿ ಹಾಡಿದಳು. "ಇದು ಯಾವ ದೇವರ ಭಜನಿ?" ಎಂದರು ಅವರು. ತೊಟ್ಟಿಲಲ್ಲಿದ್ದ ಮೊಮ್ಮಗ ಮಾತ್ರ ನಿದ್ದೆ ಹೋದನಂತೆ.

ಮುಂದಿನ ಗುರುವಾರ ಹಿತ್ತಲಿಗೆ ಬಂದವರು ನಾಲ್ಕೇ ಜನ. ಯಾರೂ ನನ್ನ ಕಡೆ ನೋಡಲಿಲ್ಲ. ಮೌಶಿಯೂ ಕೂಡ. ಖೈರುನಬಿ ಕೈ ಒರೆಸಿಕೊಂಡು ಎದುರಿಗೆ ಕುಳಿತಳು. "ವಿಮಲಾಬಾಯಿ, ಒಂದು ಲಡಿ ನೂಲಿಗೆ ಬಣ್ಣ ಹಾಕಬೇಕಾದ್ರೂ ನಾ ಅದರ ಮಾಲಕರನ್ನ ಕೇಳ್ತೀನಿ. ನೀ ಯಾರನ್ನ ಕೇಳಿದಿ?"

ಎಷ್ಟೋ ಪುಸ್ತಿಕೆಗಳಲ್ಲಿ ಎಷ್ಟೋ ಉತ್ತರ ಓದಿದ್ದೆ. "ಯಾರನ್ನೂ ಇಲ್ಲ" ಎಂದೆ.

ಅಷ್ಟರಲ್ಲಿ ಬಾಗಿಲ ಚಿಲಕ ಸಪ್ಪಳಾಯಿತು. ಕೋಲೂರಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ಶಾರದವ್ವನ ಅತ್ತೆ, ಸುಮಿತ್ರವ್ವ! ಜಗಳಕ್ಕೇ ಬಂದಳೆಂದು ನಾನು ನೂಲಿನ ಲಡಿಗಳ ಹಿಂದೆ ಸರಿದೆ. ಮುದುಕಿ ಅತ್ತಿತ್ತ ನೋಡಿ, ಉಡಿಯೊಳಗಿಂದ ಹರಳೆಣ್ಣೆಯ ಸೀಸೆ ತೆಗೆದು ಕೆಳಗಿಟ್ಟಳು. ಅದರಲ್ಲಿ ಎಣ್ಣೆ ಇರಲಿಲ್ಲ.

"ಭಜನಿ ಇಲ್ಲೇ ಏನ್ರವಾ? ನನಗೂ ನಾಕು ವರ್ಷ ಆತು. ಸೊಸಿಗೆ ಗೊತ್ತಾದ್ರ ಮುದುಕಿಗೆ ಕೈಲಾಗೂದಿಲ್ಲ ಅಂತ ಕೀಲಿಕೈ ಕಸಗೊಂತಾಳಂತ ಸುಮ್ಮಕಿದ್ದೆ. ಮೊನ್ನೆ ಪೇಢೆ ಕಾಗದದಾಗ ಆಕಿ ಹೆಸರ ಬಂತಲ್ಲ, ನಗಬೇಕೋ ಅಳಬೇಕೋ ತಿಳೀಲಿಲ್ಲ."

ಶಾರದವ್ವ ಅತ್ತೆಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಖೈರುನಬಿ ಇಬ್ಬರ ಕೊಳವೆಗಳನ್ನೂ ಕುದಿಸಿ ಒಂದರ ಪಕ್ಕ ಒಂದು ಹಿಡಿದಳು. "ಸೊಸಿದು ಗಿಣಿಹಸರು, ಅತ್ತಿದು ಇಟ್ಟಂಗಿ. ಒಂದ ಮನಿ, ಒಂದ ಅಡಗಿ. ಸುಮಿತ್ರವ್ವಾರ, ಬೆಲ್ಲ ಯಾರು ತಂದುಕೊಡ್ತಾರ್ರಿ?"

"ಮಗಾ," ಎಂದಳು ಮುದುಕಿ. "ಬಾಯಿ ಕಹಿ ಆಗೇತಿ ಅಂದ್ರ ಅಂಗಡ್ಯಾಗಿಂದ ಅಚ್ಚು ತಂದು ತಲಿದಿಂಬಿನ ಕೆಳಗ ಇಡ್ತಾನ. ಭಾಳ ಪ್ರೀತಿ ಮಾಡ್ತಾನ."

ಮೊದಲು ನಕ್ಕವಳು ಶಾರದವ್ವ. ಆಮೇಲೆ ಯಾರು ನಗಲಿಲ್ಲ ಎಂದು ಕೇಳು. ಅದೇ ಹೊತ್ತಿಗೆ ಶಿರಹಟ್ಟಿಯಿಂದ ಇಬ್ಬರು ಪೇಢೆ ಕಾಗದ ಹಿಡಿದುಕೊಂಡು ವಿಳಾಸ ಕೇಳುತ್ತ ಬಂದರು. ಒಬ್ಬಾಕೆಯ ಸೀಸೆಯ ಬಿರಡೆ ಸಡಿಲಾಗಿ ದಾರಿಯಲ್ಲೇ ಅರ್ಧ ಚೆಲ್ಲಿತ್ತು. ಮೋಟಾರಿನಲ್ಲಿ ಅವಳ ಪಕ್ಕ ಕುಳಿತವರು ಯಾರೋ ಪಾಪ.

ನನಗೆ ಶಿಕ್ಷೆ ಎರಡು. ಕಾರ್ಯದರ್ಶಿ ಎಂದರೆ ಕೊಳವೆ ತೊಳೆಯುವವಳು ಎಂದು ಖೈರುನಬಿ ಠರಾವು ಮಾಡಿದಳು. ನಮ್ಮ ಸಂಘದ ಮೊದಲ ಠರಾವು. ಎರಡನೆಯದು, ಮೌಶಿಯ ಮನೆ ಬಿಟ್ಟು, ಹೆಸರು ಹಾಕಿದ ಉಳಿದ ಏಳೂ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಆರು ಬಾಗಿಲು ತೆರೆದವು. ಏಳನೆಯದು ತೆರೆಯಲಿಲ್ಲ. ಆಕೆಯ ಮಗಳಿಗೆ ನೋಡಿದ್ದ ಗಂಡಿನ ಕಡೆಯವರು ಪೇಢೆ ತಿಂದು, ಕಾಗದ ಓದಿ, ಸಂಬಂಧ ಬೇಡವೆಂದು ಹೇಳಿ ಕಳಿಸಿದ್ದರು. ಪ್ರತಿದಿನ ಹೋಗಿ ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ. ಒಳಗೆ ಪಾತ್ರೆಯ ಸಪ್ಪಳ ಕೇಳುತ್ತದೆ.

ಆದ್ದರಿಂದ ಅಕ್ಕ, ಬಾ. ಮುಂಡರಗಿಯಿಂದ ಮುಂಜಾನೆಯ ಮೋಟಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ. ನಾನು ಸ್ಟ್ಯಾಂಡಿಗೆ ಬಂದಿರುತ್ತೇನೆ. ಸೀಸೆಯ ಬಿರಡೆ ಬಿಗಿಯಾಗಿರಲಿ. ಮೊದಲ ದಿನ ಸೂಜಿಯ ಮಾತು ಯಾರೂ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ನೀನು ಕುಳಿತು ನೋಡಿದರೆ ಸಾಕು. "ಪದ್ಮಿ ಬಂದು ನನ್ನ ತೋಳು ನೋಡ್ಲಿ. ಆರು ವರ್ಷ ಚುಚ್ಚಿಸ್ಕೊಂಡೀನಿ, ಇನ್ನೂ ಭಕ್ಕರಿ ಬಡೀತೀನಿ" ಎನ್ನುತ್ತಾಳೆ ಮೌಶಿ. ಖೈರುನಬಿ, "ಅಕ್ಕಾರಿಗೆ ಬಣ್ಣ ನೋಡಾಕ ಅಂಜಿಕಿ ಇದ್ರ ಕಣ್ಣು ಮುಚ್ಚಿ ಕುಂಡ್ರಲಿ, ನಾ ನೋಡಿ ಹೇಳ್ತೀನಿ" ಎಂದಿದ್ದಾಳೆ. ಸುಮಿತ್ರವ್ವ ನಿನ್ನ ತಲೆ ಮೇಲೆ ಕೈಯಿಟ್ಟು ನೂರು ವರ್ಷ ಬಾಳು ಎಂದಿದ್ದಾಳೆಂದು ಬರೆಯಲು ಹೇಳಿದಳು. ನಿನ್ನನ್ನು ನೋಡಿಯೇ ಇಲ್ಲ, ಆದರೂ ಹರಸಿದ್ದಾಳೆ. ಭಾವನವರಿಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ವಿಮಲಾ

ತಾ. ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಅವ್ವನನ್ನು ಸೂಜಿ ಕೊಲ್ಲಲಿಲ್ಲ, ಅಕ್ಕ. ಐವತ್ತೊಂದರ ಶ್ರಾವಣದಲ್ಲಿ, ಅಪ್ಪ ಶಿರಹಟ್ಟಿಯ ಶಾಲೆಯಲ್ಲಿದ್ದು ಮನೆಯಲ್ಲಿ ಅವ್ವ, ನಾನು ಇಬ್ಬರೇ ಇದ್ದಾಗ, ನನಗೆ ನಿಸರ್ಗ ಚಿಕಿತ್ಸೆಯ ಒಂದು ಪುಸ್ತಿಕೆ ಸಿಕ್ಕಿತ್ತು. ಪರದೇಶದ ಔಷಧ ಬಿಟ್ಟು, ಇಪ್ಪತ್ತೊಂದು ದಿನ ಹಣ್ಣಿನ ರಸ ಮತ್ತು ಜೇನಿನ ಮೇಲಿದ್ದರೆ ಈ ಜಡ್ಡು ಬುಡಸಮೇತ ಹೋಗುತ್ತದೆಂದು ಅದರಲ್ಲಿತ್ತು. ನನಗೆ ಆಗ ಹದಿನಾರು ವರ್ಷ. ಅವ್ವನಿಗೆ ಓದಿ ಹೇಳಿದೆ. "ನೀ ಓದಿದಾಕಿ, ನಿನಗ ತಿಳೀತದ" ಎಂದಳು. ಸೂಜಿ ಹಾಕಲು ದಿನಾ ಬರುತ್ತಿದ್ದ ಕಂಪೌಂಡರನಿಗೆ ಅವ್ವ ಬೆಟಗೇರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿ ಒಂಬತ್ತು ಮುಂಜಾನೆ ಬಾಗಿಲಿಂದಲೇ ಕಳಿಸಿದೆ. ಅವಳು ಒಳಗೆ ಮಲಗಿ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಎಂಟನೆಯ ದಿನ, ನಾಲಿಗೆ ತೊದಲುತ್ತಿತ್ತು, "ಪದ್ಮಾಗ ಹೇಳಬ್ಯಾಡ, ಆಕಿ ನಿನ್ನ ಜೋಡಿ ಮಾತು ಬಿಡ್ತಾಳ" ಎಂದಳು. ಹತ್ತನೆಯ ದಿನ ನೀನು ಬಂದೆ. ಅವಳ ತೋಳಿನ ಮೇಲಿನ ಹಳೆಯ ಗುರುತುಗಳನ್ನು ಸವರುತ್ತ "ಈ ಸೂಜೀನ ಕೊಂದ್ವು" ಎಂದು ಅತ್ತೆ. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಐದು ವರ್ಷದಿಂದ ಸುಮ್ಮನೇ ಇದ್ದೇನೆ.

ಅಪ್ಪನಿಗೂ ಗೊತ್ತಿಲ್ಲ. ಹೇಳುವುದು, ಬಿಡುವುದು ನಿನಗೆ ಸೇರಿದ್ದು. ನನ್ನ ಮುಖ ನೋಡಲಾರೆ ಎನಿಸಿದರೆ ಒಂದು ಕಾರ್ಡು ಹಾಕು. ಆ ಗುರುವಾರ ನಾನು ಲಕ್ಷ್ಮೇಶ್ವರಕ್ಕೆ ಹೋಗಿರುತ್ತೇನೆ, ಸ್ಟ್ಯಾಂಡಿಗೆ ಮೌಶಿ ಬರುತ್ತಾಳೆ. ನೀನು ಬಾ.